ಹೆದ್ದಾರಿಗೆ ಒಂದು ಹಲ್ಲು ಹೆಚ್ಚು: ಸಣ್ಣ ಮೋಟರ್ ಸೈಕಲ್‌ನ ಸ್ಪ್ರಾಕೆಟ್ ಬದಲಾವಣೆಯ ಜಮಾ-ಖರ್ಚು

ನಮ್ಮ ಭಾಗದ ಸಣ್ಣ ವ್ಯಾಪಾರಸ್ಥರಿಗೆ 100 ಸಿಸಿಯ ಮೋಟರ್ ಸೈಕಲ್ ಎಂಬುದು ತಕ್ಕಡಿ ಮತ್ತು ಕಿರ್ದಿ ಪುಸ್ತಕಗಳಷ್ಟೇ ಅವಶ್ಯವಾದ ಸಾಧನವಾಗಿದೆ. 1985ರಲ್ಲಿ ಹೀರೊ ಹೋಂಡಾ ಸಿಡಿ 100 ಮಾರುಕಟ್ಟೆಗೆ ಬಂದಿತು. 1994ರಲ್ಲಿ ಸ್ಪ್ಲೆಂಡರ್ ಬಂದಿತು. ಅಂದಿನಿಂದ ಕಡಿಮೆ ಪೆಟ್ರೋಲಿನಲ್ಲಿ ಹೆಚ್ಚು ದೂರ ಸಾಗುವ ಈ ವರ್ಗದ ವಾಹನಗಳು ಹಳ್ಳಿಯ ಅಂಗಡಿಯನ್ನು ಪೇಟೆಯ ಸಗಟು ಮಳಿಗೆಗೆ ಜೋಡಿಸುವ ಕೆಲಸವನ್ನು ಸದ್ದಿಲ್ಲದೆ ಮಾಡುತ್ತ ಬಂದಿವೆ.

ಆದರೆ ಈ ವಾಹನಗಳನ್ನು ರೂಪಿಸಿದ್ದು ಊರೊಳಗಿನ ಮತ್ತು ಊರಿಂದ ಊರಿಗಿನ ಸಾಧಾರಣ ಓಡಾಟಕ್ಕೆ. ಗಜೇಂದ್ರಗಡ ತಾಲ್ಲೂಕಿನ ಲಕ್ಕಲಕಟ್ಟಿಯಂತಹ ಗ್ರಾಮದ ವ್ಯಾಪಾರಿಯು ಸರಕಿನ ವಿಚಾರಣೆಗಾಗಿ, ಬಾಕಿ ವಸೂಲಿಗಾಗಿ ಅಥವಾ ಬಿಡಿಭಾಗಗಳಿಗಾಗಿ ಗದಗಿಗೆ, ಅಲ್ಲಿಂದ ಅಣ್ಣಿಗೇರಿಯ ಮೇಲೆ ಹುಬ್ಬಳ್ಳಿಗೆ ಹೊರಟಾಗ ಅದೇ ವಾಹನವು ಎರಡು ತಾಸು ಒಂದೇ ವೇಗದಲ್ಲಿ ಓಡಬೇಕಾಗುತ್ತದೆ. ಗದಗ-ಹುಬ್ಬಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 67, ಅಂದರೆ ಹಿಂದಿನ 63, ಅಗಲಗೊಂಡ ಮೇಲೆ ವೇಗದ ಆಸೆಯೂ ಹೆಚ್ಚಿದೆ. ಗಂಟೆಗೆ 60 ಕಿ.ಮೀ. ದಾಟಿದೊಡನೆ ಎಂಜಿನ್ ಗೋಳಿಡತೊಡಗುತ್ತದೆ, ಹ್ಯಾಂಡಲ್ ನಡುಗಿ ಅಂಗೈ ಜೋಮು ಹಿಡಿಯುತ್ತದೆ. ಊರು ಸೇರುವಷ್ಟರಲ್ಲಿ ಸವಾರನಿಗೆ ವ್ಯವಹಾರದ ಮಾತಾಡುವ ಉತ್ಸಾಹವೇ ಉಳಿದಿರುವುದಿಲ್ಲ.

ಈ ತೊಂದರೆಗೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಪರಿಹಾರ, “ಮುಂದಿನ ಸ್ಪ್ರಾಕೆಟ್ ಒಂದು ಹಲ್ಲು ಏರಿಸಿರಿ, ಗಾಡಿ ಆರಾಮ ಓಡುತ್ತದೆ, ಮೈಲೇಜೂ ಬರುತ್ತದೆ” ಎಂಬುದು. ಈ ಮಾತಿನಲ್ಲಿ ಎಷ್ಟು ನಿಜವಿದೆ, ಯಾರಿಗೆ ಇದು ಲಾಭ, ಯಾರಿಗೆ ನಷ್ಟ ಎಂಬುದನ್ನು ಲೆಕ್ಕಪತ್ರದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಹಲ್ಲುಗಳ ಲೆಕ್ಕ

ಸೈಕಲ್ ತುಳಿದವರಿಗೆಲ್ಲ ಈ ತತ್ತ್ವ ಪರಿಚಿತವಾದುದೇ. ಎಂಜಿನ್ನಿನ ಕಡೆಗೆ ಒಂದು ಚಿಕ್ಕ ಸ್ಪ್ರಾಕೆಟ್, ಹಿಂದಿನ ಗಾಲಿಗೆ ಒಂದು ದೊಡ್ಡ ಸ್ಪ್ರಾಕೆಟ್, ಇವೆರಡರ ನಡುವೆ ಚೈನ್. ಮುಂದೆ 14, ಹಿಂದೆ 42 ಹಲ್ಲುಗಳಿದ್ದರೆ ಮುಂದಿನದು ಮೂರು ಸುತ್ತು ತಿರುಗಿದಾಗ ಹಿಂದಿನ ಗಾಲಿ ಒಂದು ಸುತ್ತು ತಿರುಗುತ್ತದೆ. ಈ ಮೂರಕ್ಕೆ ಒಂದು ಎಂಬ ಪ್ರಮಾಣವನ್ನು ಬದಲಿಸಿದರೆ ಎಲ್ಲ ಗೇರುಗಳ ಪ್ರಮಾಣವೂ ಒಟ್ಟಿಗೇ ಬದಲಾಗುತ್ತದೆ. ಟಾಪ್ ಗೇರ್ ಒಂದನ್ನೇ ಬದಲಿಸಲು ಈ ಮಾರ್ಗದಲ್ಲಿ ಸಾಧ್ಯವಿಲ್ಲ. ಇದನ್ನು ಮೊದಲೇ ಮನಗಾಣಬೇಕು.

ಲೆಕ್ಕದ ಸಲುವಾಗಿ, 14-42ರ ಜೋಡಿಯಿರುವ ಒಂದು ವಾಹನದ ಎಂಜಿನ್ ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ನಿಮಿಷಕ್ಕೆ 5,800 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳೋಣ. 100 ಸಿಸಿಯ ವಾಹನಕ್ಕೆ ಇದು ಅಸಹಜ ಸಂಖ್ಯೆಯೇನಲ್ಲ. ಅದೇ ವೇಗದಲ್ಲಿ ಹಲ್ಲುಗಳ ಬದಲಾವಣೆಯ ಪರಿಣಾಮ ಹೀಗಿರುತ್ತದೆ:

ಮುಂದೆ 14, ಹಿಂದೆ 40: ಸುಮಾರು 5,520 ಸುತ್ತು, ಅಂದರೆ ಶೇ. 4.8 ಕಡಿಮೆ.
ಮುಂದೆ 15, ಹಿಂದೆ 42: ಸುಮಾರು 5,410 ಸುತ್ತು, ಅಂದರೆ ಶೇ. 6.7 ಕಡಿಮೆ.
ಮುಂದೆ 15, ಹಿಂದೆ 40: ಸುಮಾರು 5,160 ಸುತ್ತು, ಅಂದರೆ ಶೇ. 11 ಕಡಿಮೆ.

ಮುಂದಿನ ಒಂದು ಹಲ್ಲು ಹಿಂದಿನ ಸುಮಾರು ಮೂರು ಹಲ್ಲುಗಳಿಗೆ ಸಮ ಎಂಬುದು ಇದರಿಂದ ತಿಳಿಯುತ್ತದೆ. ಎಂಜಿನ್ನಿನೊಳಗೆ ಮೇಲೆ ಕೆಳಗೆ ಚಲಿಸುವ ಭಾಗಗಳಿಂದ ಹುಟ್ಟುವ ನಡುಕದ ಬಲವು ಸುತ್ತುಗಳ ವರ್ಗಕ್ಕೆ ಅನುಗುಣವಾಗಿರುವುದರಿಂದ, ಶೇ. 6.7 ಸುತ್ತು ಕಡಿಮೆಯಾದಾಗ ಆ ಬಲವು ಸುಮಾರು ಶೇ. 13 ಕಡಿಮೆಯಾಗುತ್ತದೆ. ಸವಾರನ ಅಂಗೈಗೆ ತಿಳಿಯುವ ವ್ಯತ್ಯಾಸ ಇದೇ ಆಗಿದೆ. ಆದ್ದರಿಂದ ‘ಆರಾಮ ಓಡುತ್ತದೆ’ ಎಂಬ ಮಾತು ಸುಳ್ಳಲ್ಲ.

ಪ್ರತಿ ಜಮೆಗೂ ಒಂದು ಖರ್ಚು

ಜೋಡಿ ನಮೂದಿನ ಪದ್ಧತಿಯಲ್ಲಿ ಒಂದು ಕಡೆ ಬರೆದದ್ದಕ್ಕೆ ಇನ್ನೊಂದು ಕಡೆ ಬರೆಯಲೇಬೇಕು. ಸ್ಪ್ರಾಕೆಟ್‌ಗೂ ಇದೇ ನಿಯಮ ಅನ್ವಯಿಸುತ್ತದೆ. ಸುತ್ತುಗಳಲ್ಲಿ ಎಷ್ಟು ಉಳಿಸಿದೆವೋ ಗಾಲಿಯನ್ನು ತಿರುಗಿಸುವ ಎಳೆತದಲ್ಲಿ ಅಷ್ಟನ್ನೇ ಬಿಟ್ಟುಕೊಡುತ್ತೇವೆ. ಒಂದು ಹಲ್ಲು ಏರಿಸಿದಾಗ ಪ್ರತಿ ಗೇರಿನಲ್ಲಿಯೂ ಎಳೆತ ಶೇ. 6.7 ಇಳಿಯುತ್ತದೆ. ಮೊದಲನೆಯ ಗೇರಿನಲ್ಲಿ ಹೊರಡುವಾಗ ಕ್ಲಚ್ಚನ್ನು ಹೆಚ್ಚು ಹೊತ್ತು ಹಿಡಿಯಬೇಕಾಗುತ್ತದೆ. ಹಿಂದೆ ಒಂದು ಚೀಲ ಸರಕು ಇದ್ದರಂತೂ ಕ್ಲಚ್ ಪ್ಲೇಟುಗಳ ಆಯುಷ್ಯ ಕುಗ್ಗುತ್ತದೆ.

ಗರಿಷ್ಠ ವೇಗ ಹೆಚ್ಚುತ್ತದೆಂಬ ನಂಬಿಕೆಯೂ ಸಾಮಾನ್ಯವಾಗಿ ಹುಸಿಯಾಗುತ್ತದೆ. ಈಗಿನ ಸ್ಪ್ಲೆಂಡರ್ ಪ್ಲಸ್‌ನ ಎಂಜಿನ್ ನಿಮಿಷಕ್ಕೆ 8,000 ಸುತ್ತಿನಲ್ಲಿ 5.9 ಕಿಲೋವಾಟ್ ಶಕ್ತಿ ನೀಡುತ್ತದೆ. ನಮ್ಮ ಉದಾಹರಣೆಯ ವಾಹನವೂ ಇಷ್ಟೇ ಸುತ್ತಿನಲ್ಲಿ ಗರಿಷ್ಠ ಶಕ್ತಿ ನೀಡುತ್ತದೆ ಎಂದು ಹಿಡಿದರೆ, 14 ಹಲ್ಲಿನಲ್ಲಿ ಆ ಸುತ್ತು ಸುಮಾರು 83 ಕಿ.ಮೀ. ವೇಗದಲ್ಲಿಯೂ, 15 ಹಲ್ಲಿನಲ್ಲಿ ಸುಮಾರು 89 ಕಿ.ಮೀ. ವೇಗದಲ್ಲಿಯೂ ಬರುತ್ತದೆ. ಕಾಗದದ ಮೇಲೆ ಇದು ಆಕರ್ಷಕವಾದರೂ ಗಾಳಿಯನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗವನ್ನು ಶೇ. 20 ಹೆಚ್ಚಿಸಲು ಗಾಳಿಯ ಲೆಕ್ಕದಲ್ಲಿ ಶೇ. 73ರಷ್ಟು ಹೆಚ್ಚು ಶಕ್ತಿ ಬೇಕು. ಸಣ್ಣ ಎಂಜಿನ್ನಿನಲ್ಲಿ ಅಷ್ಟೊಂದು ಶಿಲ್ಕು ಇರುವುದಿಲ್ಲ. ಹಲ್ಲು ಏರಿಸಿದ ಗಾಡಿ ಟಾಪ್ ಗೇರಿನಲ್ಲಿ ಆ ಸುತ್ತನ್ನು ತಲುಪದೆ ಉಸಿರುಗಟ್ಟುತ್ತದೆ.

ವೇಗದ ಆಸೆಗೆ ಕಾನೂನಿನ ಮಿತಿಯೂ ಇದೆ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ಮೋಟರ್ ಸೈಕಲ್‌ಗಳ ಗರಿಷ್ಠ ವೇಗವು ವಿಭಜಕವಿರುವ ಚತುಷ್ಪಥ ರಸ್ತೆಗಳಲ್ಲಿ 80 ಕಿ.ಮೀ., ಇತರ ರಸ್ತೆಗಳಲ್ಲಿ 60 ಕಿ.ಮೀ. ಆಗಿದೆ. ಲಕ್ಕಲಕಟ್ಟಿಯಿಂದ ಗದಗಿನವರೆಗಿನ ಸಾಧಾರಣ ರಸ್ತೆಗಳಿಗೆ ಅನ್ವಯಿಸುವುದು ಎರಡನೆಯ ಮಿತಿ ಎಂಬುದನ್ನು ನೆನಪಿಡಬೇಕು.

ನಮ್ಮ ಸೀಮೆಯ ಗಾಳಿ

ಬೇರೆ ಊರಿನವರು ಮರೆಯಬಹುದಾದ, ಆದರೆ ನಾವು ಮರೆಯಬಾರದ ಒಂದು ಸಂಗತಿಯಿದೆ. ಗಜೇಂದ್ರಗಡದ ಗುಡ್ಡಗಳ ಮೇಲೆ ಪವನ ವಿದ್ಯುತ್ ಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಧಾರಾಳವಾಗಿರುವುದರಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತವು ಪಶ್ಚಿಮದ ಕಡೆಯಿಂದ ಬೀಸುತ್ತದೆ. ಗದಗ, ಹುಬ್ಬಳ್ಳಿಗಳಿರುವುದೂ ಅದೇ ದಿಕ್ಕಿಗೆ. ಅಂದರೆ ಮುಂಗಾರಿನ ನಾಲ್ಕು ತಿಂಗಳು ನಮ್ಮ ವ್ಯಾಪಾರಿಯು ಹೋಗುವಾಗ ಎದುರುಗಾಳಿಯಲ್ಲಿಯೇ ಹೋಗಬೇಕು.

60 ಕಿ.ಮೀ. ವೇಗದ ಸವಾರನಿಗೆ 20 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಗಾಳಿಯ ತಡೆಯು 80 ಕಿ.ಮೀ. ವೇಗದ್ದಾಗುತ್ತದೆ. ಆ ತಡೆಯ ಬಲ ಶಾಂತ ಗಾಳಿಯಲ್ಲಿದ್ದುದರ 1.78 ಪಟ್ಟು. ಮರಳುವಾಗ ಅದೇ ಗಾಳಿ ಬೆನ್ನಿಗಿದ್ದು ತಡೆಯು 0.44 ಪಟ್ಟಿಗೆ ಇಳಿಯುತ್ತದೆ. ಎರಡರ ಸರಾಸರಿ 1.11. ಹೋಗುವಾಗ ಕಳೆದುಕೊಂಡದ್ದು ಬರುವಾಗ ಪೂರ್ತಿ ಕೈಸೇರುವುದಿಲ್ಲ. ಬೇಸಿಗೆಯ ಶಾಂತ ಬೆಳಿಗ್ಗೆ 15 ಹಲ್ಲಿನಲ್ಲಿ ಸಲೀಸಾಗಿ ಓಡಿದ ಗಾಡಿ ಆಷಾಢದಲ್ಲಿ ಮೂರನೆಯ ಗೇರಿಗೆ ಇಳಿದೇ ಓಡಬೇಕಾಗಬಹುದು. ಆಗ ಸುತ್ತುಗಳು ಮೊದಲಿಗಿಂತಲೂ ಹೆಚ್ಚಾಗಿ, ಉಳಿತಾಯವೆಲ್ಲ ಗಾಳಿಗೆ ಹೋಗುತ್ತದೆ. ಆದಕಾರಣ ಹಲ್ಲು ಏರಿಸಿದ ವಾಹನದ ಪರೀಕ್ಷೆಯನ್ನು ಗಾಳಿಯ ದಿನದಲ್ಲಿ, ನಿತ್ಯದ ಭಾರದೊಂದಿಗೆ, ಹೋಗುವ ಮತ್ತು ಬರುವ ಎರಡೂ ದಿಕ್ಕಿನಲ್ಲಿ ಮಾಡತಕ್ಕದ್ದು.

ರೂಪಾಯಿಯ ಲೆಕ್ಕ

ಲಕ್ಕಲಕಟ್ಟಿಯ ಒಬ್ಬ ಕಿರಾಣಿ ವ್ಯಾಪಾರಿಯು ತಿಂಗಳಿಗೆ 1,500 ಕಿ.ಮೀ. ಓಡುತ್ತಾನೆ, ಲೀಟರಿಗೆ 60 ಕಿ.ಮೀ. ಬರುತ್ತದೆ ಎಂದು ಭಾವಿಸೋಣ. ಲೆಕ್ಕದ ಸುಲಭಕ್ಕಾಗಿ ಪೆಟ್ರೋಲಿಗೆ 100 ರೂ. ಎಂದು ಹಿಡಿದರೆ ತಿಂಗಳ ಖರ್ಚು 25 ಲೀಟರಿಗೆ 2,500 ರೂ. ಸುತ್ತು ಕಡಿಮೆಯಾದಾಗ ಎಂಜಿನ್ನಿನ ಒಳಘರ್ಷಣೆಯೂ ಸ್ವಲ್ಪ ಕಡಿಮೆಯಾಗುವುದರಿಂದ ಮೈಲೇಜ್ ಶೇ. 3 ಏರಿತು ಎನ್ನೋಣ. ಆಗ ತಿಂಗಳಿಗೆ ಉಳಿಯುವುದು 0.73 ಲೀಟರ್, ಅಂದರೆ 73 ರೂ.

ಚೈನ್ ಮತ್ತು ಎರಡೂ ಸ್ಪ್ರಾಕೆಟ್‌ಗಳ ಪೂರ್ಣ ಸೆಟ್ಟಿಗೆ ಕೂಲಿ ಸಹಿತ 1,500 ರೂ. ತಗುಲಿದರೆ ಆ ಹಣ ಮರಳಲು 20 ತಿಂಗಳು ಮೀರಿ ಬೇಕು. ಅಷ್ಟರಲ್ಲಿ ವಾಹನವು 30,000 ಕಿ.ಮೀ. ಓಡಿರುತ್ತದೆ. ಹಾಕಿದ ಚೈನ್ ಸೆಟ್ಟೇ ಸವೆದು ಮತ್ತೊಂದು ಸೆಟ್ಟಿನ ಕಾಲ ಬಂದಿರುವುದು ಸಂಭವ. ಚೆನ್ನಾಗಿರುವ ಸೆಟ್ಟನ್ನು ಬಿಚ್ಚಿಸಿ ಹಣ ಉಳಿಸಲು ಹೊರಡುವುದು ಬಂಡವಾಳ ಮರಳದ ವ್ಯಾಪಾರ ಎಂಬುದು ಇದರಿಂದ ಸ್ಪಷ್ಟ.

ಹಳೆಯ ಸೆಟ್ ಸವೆದು ಹೇಗಿದ್ದರೂ ಬದಲಿಸಬೇಕಾದ ಸಮಯದಲ್ಲಿ ಲೆಕ್ಕ ಬೇರೆಯಾಗುತ್ತದೆ. ಆಗ ಹೆಚ್ಚುವರಿ ಖರ್ಚು ಕೇವಲ ಒಂದು ಮುಂದಿನ ಸ್ಪ್ರಾಕೆಟ್‌ನದು. ಅದಕ್ಕೆ 250 ರೂ. ಎಂದು ಹಿಡಿದರೆ ಮೂರೂವರೆ ತಿಂಗಳಿನಲ್ಲಿ ಹಣ ಮರಳುತ್ತದೆ. ಹಳೆಯ ಚೈನಿಗೆ ಹೊಸ ಸ್ಪ್ರಾಕೆಟ್ ಒಂದನ್ನೇ ಜೋಡಿಸುವ ಮಿತವ್ಯಯ ಮಾತ್ರ ಬೇಡ. ಹಿಗ್ಗಿದ ಚೈನ್ ಹೊಸ ಹಲ್ಲುಗಳನ್ನು ಬೇಗನೆ ತಿಂದುಹಾಕುತ್ತದೆ.

ಚೈನ್ ಸವೆದಿದೆಯೇ ಎಂಬುದನ್ನು ಅಡಿಪಟ್ಟಿಯಿಂದಲೇ ತಿಳಿಯಬಹುದು. ಈ ವರ್ಗದ ವಾಹನಗಳ ಚೈನಿನಲ್ಲಿ ಒಂದು ಕೊಂಡಿಯ ಉದ್ದ 12.7 ಮಿ.ಮೀ., ಅಂದರೆ ಅರ್ಧ ಇಂಚು. ಬಿಗಿಯಾಗಿ ಎಳೆದು ಹಿಡಿದ 20 ಕೊಂಡಿಗಳು ಹೊಸದರಲ್ಲಿ 254 ಮಿ.ಮೀ. ಇರುತ್ತವೆ. ಇದು 259 ಮಿ.ಮೀ. ಮುಟ್ಟಿತೆಂದರೆ ಶೇ. 2 ಹಿಗ್ಗಿದೆ ಎಂದರ್ಥ, ಸೆಟ್ ಬದಲಿಸುವ ಸಮಯ ಬಂದಿದೆ.

ಖರ್ಚಿಲ್ಲದ ಇನ್ನೊಂದು ಮಾರ್ಗ

ಹಲ್ಲನ್ನು ಏರಿಸುವ ಮೊದಲು ವೇಗವನ್ನು ಇಳಿಸಿ ನೋಡುವುದು ಒಳಿತು. ನಮ್ಮ ಉದಾಹರಣೆಯ ವಾಹನವೇ 65 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 6,280 ಸುತ್ತು ತಿರುಗುತ್ತದೆ, 55 ಕಿ.ಮೀ. ವೇಗದಲ್ಲಿ ಸುಮಾರು 5,320. ಸುತ್ತುಗಳು ಶೇ. 15 ಇಳಿದವು. ಒಂದು ಹಲ್ಲಿನಿಂದ ದೊರೆತದ್ದು ಶೇ. 6.7 ಮಾತ್ರ. ಇದರ ಮೇಲೆ ಗಾಳಿಯ ತಡೆಯು ಶೇ. 28 ಕಡಿಮೆಯಾಗುತ್ತದೆ, ಎಳೆತವಾದರೋ ಒಂದಿಷ್ಟೂ ಕುಂದುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆ ಸಮಯ. 110 ಕಿ.ಮೀ. ದೂರವನ್ನು ಎಲ್ಲಿಯೂ ನಿಲ್ಲದೆ 65ರಲ್ಲಿ ಕ್ರಮಿಸಲು 101 ನಿಮಿಷ, 55ರಲ್ಲಿ 120 ನಿಮಿಷ. ವ್ಯತ್ಯಾಸ 19 ನಿಮಿಷಕ್ಕಿಂತ ಕಡಿಮೆ. ನಡುವಿನ ಊರುಗಳು, ರಸ್ತೆ ಉಬ್ಬುಗಳು, ದನಕರುಗಳು, ಚಹಾದಂಗಡಿ ಇವೆಲ್ಲ ಲೆಕ್ಕಕ್ಕೆ ಸೇರಿದಾಗ ಈ ಅಂತರ ಇನ್ನೂ ಕುಗ್ಗುತ್ತದೆ. ಮುಂಜಾನೆ ಕಾಲು ತಾಸು ಬೇಗ ಹೊರಟವನಿಗೆ ಸ್ಪ್ರಾಕೆಟ್ ಬದಲಿಸುವ ಅವಶ್ಯಕತೆಯೇ ಬೀಳದೆ ಇರಬಹುದು.

ಯಾರಿಗೆ ತಕ್ಕದ್ದು, ಯಾರಿಗೆ ತಕ್ಕದ್ದಲ್ಲ

ಒಬ್ಬನೇ ಸವಾರ, ಹೆಗಲ ಚೀಲವಲ್ಲದೆ ಬೇರೆ ಭಾರವಿಲ್ಲ, ವಾರದ ಬಹುಪಾಲು ಓಟ ಹೆದ್ದಾರಿಯಲ್ಲಿ, 55-65 ಕಿ.ಮೀ. ವೇಗದಲ್ಲಿ, ಎಂಜಿನ್ ಸುಸ್ಥಿತಿಯಲ್ಲಿದೆ. ಇಂಥವರಿಗೆ ಮುಂದೆ ಒಂದು ಹಲ್ಲು ಏರಿಸುವುದು ಹಿತಕರ. ಔಷಧ, ವಿಮೆ, ಬಿಡಿಭಾಗಗಳ ಮಾರಾಟ ಪ್ರತಿನಿಧಿಗಳು ಈ ಗುಂಪಿಗೆ ಸೇರುತ್ತಾರೆ.

ಹಳ್ಳಿ ಹಳ್ಳಿ ಸುತ್ತಿ ಸರಕು ಮಾರುವವರು, ಹಾಲಿನ ಕ್ಯಾನುಗಳನ್ನು ಹೇರುವವರು, ಮಳೆಗಾಲದಲ್ಲಿ ಎರೆ ಮಣ್ಣಿನ ಹೊಲದ ದಾರಿಗಿಳಿದು ಹೆಸರು, ಕಡಲೆ, ಉಳ್ಳಾಗಡ್ಡಿ ಖರೀದಿಸುವವರು ಈ ಗೊಡವೆಗೆ ಹೋಗಬಾರದು. ಅವರಿಗೆ ಬೇಕಾದುದು ಎಳೆತ. ಸೈಡ್‌ಕಾರ್ ಜೋಡಿಸಿದ ಮೋಟರ್ ಸೈಕಲ್‌ಗಳಿಗೆ ಮುಂದೆ ಇನ್ನೂ ಚಿಕ್ಕ ಸ್ಪ್ರಾಕೆಟ್ ಹಾಕುತ್ತಿದ್ದ ಹಳೆಯ ಪದ್ಧತಿಯ ಹಿಂದೆ ಇದ್ದುದೂ ಇದೇ ತರ್ಕ. ಬುಲೆಟ್‌ನಂತಹ ದೊಡ್ಡ ಎಂಜಿನ್ನಿನಲ್ಲಿ ಹಲ್ಲು ಏರಿಸಿ ಸುಖ ಕಂಡವರ ಅನುಭವವನ್ನು 100 ಸಿಸಿಗೆ ನೇರವಾಗಿ ಅನ್ವಯಿಸುವುದೂ ಸರಿಯಲ್ಲ. 350 ಸಿಸಿಯಲ್ಲಿ ಎಳೆತದ ಶಿಲ್ಕು ಹೆಚ್ಚು. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ.

ನಿಜವಾಗಿಯೂ ಭಾರ ಮತ್ತು ದೂರ ಎರಡೂ ಇರುವವರು ಐದು ಗೇರುಗಳ 125 ಸಿಸಿ ವಾಹನವನ್ನು ವಿಚಾರಿಸುವುದು ಮೇಲು. 22 ಸೆಪ್ಟೆಂಬರ್ 2025ರಿಂದ 350 ಸಿಸಿವರೆಗಿನ ಮೋಟರ್ ಸೈಕಲ್‌ಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿರುವುದನ್ನು ಈ ಲೆಕ್ಕದಲ್ಲಿ ಸೇರಿಸಿಕೊಳ್ಳಬಹುದು. ಆದರೆ ಸಾಮಾನ್ಯ ವ್ಯಾಪಾರಿಗೆ ತನ್ನ ಓಡಾಟದ ಮೋಟರ್ ಸೈಕಲ್ ಖರೀದಿಯ ಮೇಲಿನ ತೆರಿಗೆಯ ಹೂಡುವಳಿ ಜಮೆ ದೊರೆಯುವುದಿಲ್ಲ. ವಾಹನ ಮಾರಾಟವೇ ವ್ಯಾಪಾರವಾಗಿರುವಂತಹ ಕೆಲವು ಸಂದರ್ಭಗಳಷ್ಟೇ ಇದಕ್ಕೆ ಹೊರತು.

ಜೋಡಿಸುವಾಗಿನ ಎಚ್ಚರಿಕೆ

ಮೊದಲನೆಯದಾಗಿ, ಹೊಸ ಸ್ಪ್ರಾಕೆಟ್ ಅದೇ ಅಳತೆಯ ಚೈನಿನದಾಗಿರಬೇಕು. 420 ಮತ್ತು 428 ಎಂಬ ಎರಡೂ ಚೈನುಗಳ ಕೊಂಡಿಯ ಉದ್ದ ಒಂದೇ ಆಗಿದ್ದರೂ ಅಗಲ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಶಾಫ್ಟಿನ ಕಚ್ಚುಗಳೂ ಹೊಂದಬೇಕು.

ಎರಡನೆಯದಾಗಿ, 14ರಿಂದ 15ಕ್ಕೆ ಹೋದಾಗ ಸ್ಪ್ರಾಕೆಟ್‌ನ ವ್ಯಾಸ ಸುಮಾರು 4 ಮಿ.ಮೀ. ಹೆಚ್ಚುತ್ತದೆ. ಚೈನು ಎಂಜಿನ್ನಿನ ಕವಚಕ್ಕೆ ತಾಗದಷ್ಟು ಜಾಗವಿದೆಯೇ ಎಂದು ಕೈಯಿಂದ ಗಾಲಿ ತಿರುಗಿಸಿ ನೋಡತಕ್ಕದ್ದು. ಹಿಂದಿನ ಗಾಲಿಯ ಅಚ್ಚು ಸುಮಾರು 3 ಮಿ.ಮೀ. ಮುಂದಕ್ಕೆ ಬರುತ್ತದೆ. ಚೈನಿನ ಸಡಿಲವನ್ನು ವಾಹನದ ಕೈಪಿಡಿಯಲ್ಲಿ ಹೇಳಿದಷ್ಟೇ ಇಡಬೇಕು.

ಮೂರನೆಯದಾಗಿ, ಲೇತಿನ ಮೇಲೆ ಕೊರೆದು ಹದಗೊಳಿಸದೆ ಮಾರುವ ಅಗ್ಗದ ಸ್ಪ್ರಾಕೆಟ್ ಬೇಡ. ಹಲ್ಲುಗಳ ಮೇಲ್ಮೈಯನ್ನು ಕಾಯಿಸಿ ಗಡಸುಗೊಳಿಸಿರದಿದ್ದರೆ ಅದು ಬೇಗನೆ ಕೊಕ್ಕೆಯಾಗಿ ಬಾಗುತ್ತದೆ, ಜೊತೆಗೆ ಚೈನನ್ನೂ ಹಾಳುಮಾಡುತ್ತದೆ. ನಮ್ಮ ಸದಸ್ಯರಲ್ಲಿ ಯಂತ್ರಭಾಗಗಳ ಉತ್ಪಾದಕರು ಈ ಮಾತನ್ನು ಬಲ್ಲರು. ವಾಹನ ತಯಾರಕರದೇ ಬೇರೊಂದು ಮಾದರಿಗೆ ಬರುವ, ಅಳತೆ ಹೊಂದುವ ಬಿಡಿಭಾಗ ಸಿಕ್ಕರೆ ಅದೇ ಉತ್ತಮ.

ನಾಲ್ಕನೆಯದಾಗಿ, ವೇಗಮಾಪಕದ ವಿಷಯ. ಮುಂದಿನ ಗಾಲಿಯಿಂದ ಕೇಬಲ್ ಬಂದಿದ್ದರೆ ಯಾವ ವ್ಯತ್ಯಾಸವೂ ಆಗದು. ಗೇರ್‌ಬಾಕ್ಸ್ ಕಡೆಯಿಂದ ಅಳೆಯುವ ವಾಹನಗಳಲ್ಲಿ ನಿಜವಾದ ವೇಗ 60 ಇದ್ದಾಗ ಮಾಪಕವು 56 ತೋರಿಸುತ್ತದೆ, ಓಡಿದ ದೂರವನ್ನೂ ಅಷ್ಟೇ ಕಡಿಮೆ ತೋರಿಸುತ್ತದೆ. ಇದನ್ನರಿಯದೆ ಮೈಲೇಜ್ ಲೆಕ್ಕ ಹಾಕಿದವರು ಲಾಭವನ್ನೇ ನಷ್ಟವೆಂದು ಬರೆದುಕೊಳ್ಳುತ್ತಾರೆ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಂದಿಗೆ ತಾಳೆ ನೋಡುವುದು ಸುಲಭದ ಉಪಾಯ.

ಕಾನೂನು ಮತ್ತು ಕಾಗದಪತ್ರ

ಮೋಟಾರು ವಾಹನ ಕಾಯ್ದೆ 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕನಿಗೆ ಅವಕಾಶವಿಲ್ಲ. ಜನವರಿ 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಮಾರ್ಪಾಟಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಸ್ಪ್ರಾಕೆಟ್‌ನ ಹಲ್ಲುಗಳ ಸಂಖ್ಯೆ ನೋಂದಣಿ ಪತ್ರದಲ್ಲಿ ದಾಖಲಾಗುವ ವಿವರವಲ್ಲ. ಆದರೂ ವಾರಂಟಿ ಅವಧಿಯೊಳಗಿನ ವಾಹನಕ್ಕೆ ಕೈ ಹಚ್ಚದಿರುವುದು ಲೇಸು. ಉಳಿದವರು ಅಧಿಕೃತ ಸೇವಾ ಕೇಂದ್ರದಲ್ಲಿ ವಿಚಾರಿಸಿ, ಬಿಲ್ಲನ್ನೂ ತೆಗೆದ ಹಳೆಯ ಭಾಗವನ್ನೂ ಜೋಪಾನವಾಗಿಡುವುದು ಯುಕ್ತ.

ಲೆಕ್ಕಪತ್ರದಲ್ಲಿ ಈ ಖರ್ಚು ದುರಸ್ತಿಯ ಬಾಬ್ತಿಗೆ ಸೇರುತ್ತದೆ. ಅದನ್ನು ವಾಹನದ ಮೌಲ್ಯಕ್ಕೆ ಸೇರಿಸಿ ಸವಕಳಿ ಕಳೆಯುವ ಅಗತ್ಯವಿಲ್ಲ. ವಾಹನವು ಮನೆಗೂ ಅಂಗಡಿಗೂ ಬಳಕೆಯಾಗುತ್ತಿದ್ದರೆ ವ್ಯಾಪಾರಕ್ಕೆ ಸಂಬಂಧಿಸಿದ ಪಾಲನ್ನಷ್ಟೇ ಖರ್ಚು ಹಾಕತಕ್ಕದ್ದು. ಇದಕ್ಕೆ ಆಧಾರವಾಗುವುದು ಓಟದ ದಾಖಲೆ. ದಿನಾಂಕ, ಹೋದ ಊರು, ಕಿ.ಮೀ., ಹಾಕಿಸಿದ ಪೆಟ್ರೋಲ್ ಎಂಬ ನಾಲ್ಕು ಕಾಲಮ್ಮುಗಳ ಒಂದು ಸಣ್ಣ ಪುಸ್ತಕ ಸಾಕು.

ಅದೇ ಪುಸ್ತಕವು ಸ್ಪ್ರಾಕೆಟ್‌ನ ಗುಣದೋಷವನ್ನೂ ನಿರ್ಣಯಿಸುತ್ತದೆ. ಬದಲಿಸುವ ಮೊದಲು ಮೂರು ಸಲ, ಬದಲಿಸಿದ ನಂತರ ಮೂರು ಸಲ ಟ್ಯಾಂಕನ್ನು ಒಂದೇ ಗುರುತಿನವರೆಗೆ ತುಂಬಿಸಿ, ಅದೇ ದಾರಿಯ ಓಟವನ್ನು ಬರೆದಿಡಬೇಕು. ಟಾಪ್ ಗೇರಿನಿಂದ ಎಷ್ಟು ಬಾರಿ ಕೆಳಗಿಳಿಯಬೇಕಾಯಿತು ಎಂಬುದನ್ನೂ ನಮೂದಿಸಿದರೆ ಇನ್ನೂ ಉತ್ತಮ. ಮೊದಲು ಅಗತ್ಯವಿಲ್ಲದ ಕಡೆಯೆಲ್ಲ ಈಗ ಗೇರ್ ಇಳಿಸಬೇಕಾಗುತ್ತಿದ್ದರೆ ಹಳೆಯ ಸ್ಪ್ರಾಕೆಟ್ಟೇ ಸರಿ ಎಂದು ತಿಳಿಯಬೇಕು. ಮಾರಾಟ ಪ್ರತಿನಿಧಿಗಳಿಗೆ ಪೆಟ್ರೋಲ್ ಭತ್ಯೆ ಕೊಡುವ ಸಂಸ್ಥೆಗಳೂ ಈ ದಾಖಲೆಯನ್ನು ರೂಢಿಗೆ ತಂದರೆ ಭತ್ಯೆಯ ವಿವಾದಗಳು ತಾವಾಗಿಯೇ ಕಡಿಮೆಯಾಗುತ್ತವೆ.

ಒಟ್ಟಿನಲ್ಲಿ, ಒಂದು ಹಲ್ಲಿನ ಬದಲಾವಣೆಯಿಂದ ಸಿಗುವ ಮುಖ್ಯ ಲಾಭ ಸವಾರನ ದೇಹಕ್ಕೆ, ಕಿಸೆಗೆ ಸಿಗುವುದು ಅಲ್ಪ. ವಾರಕ್ಕೆ ಎರಡು ಮೂರು ಬಾರಿ ದೂರ ಪ್ರಯಾಣ ಮಾಡುವವರಿಗೆ ಆ ದೇಹಸುಖವೂ ಕಡೆಗಣಿಸತಕ್ಕ ವಿಷಯವಲ್ಲ. ಆದರೆ ಅದನ್ನು ಉಳಿತಾಯವೆಂದು ತಪ್ಪಾಗಿ ನಮೂದಿಸಿಕೊಳ್ಳಬಾರದು. ಮೊದಲು ಟೈರಿನ ಗಾಳಿ, ಚೈನಿನ ಎಣ್ಣೆ ಸರಿಪಡಿಸಿ, 55 ಕಿ.ಮೀ. ವೇಗದಲ್ಲಿ ಒಂದು ತಿಂಗಳು ಓಡಿಸಿ ನೋಡಿರಿ. ಆಮೇಲೂ ಅವಶ್ಯವೆನಿಸಿದರೆ, ಭಾರ ಹೇರದವರು, ಚೈನ್ ಸೆಟ್ ಸವೆದಾಗ, ಮುಂದೆ ಒಂದೇ ಒಂದು ಹಲ್ಲು ಏರಿಸಿಕೊಳ್ಳಬಹುದು.